ಮೊದಲ ಗುಟುಕು

ಹಲ್ಲು ಬಿಳುಪು ಮಾಡಿಸಿಕೊಂಡ ಹನ್ನೊಂದು ಹೆಂಗಸರಿಗೆಂದು ಹಲ್ಲಿನ ಕ್ಲಿನಿಕ್ಕಿನವರು ಹನ್ನೊಂದು ಚೀಟಿ ಕೊಟ್ಟರು. ಎರಡು ದಿನ ಸೋಡಾ, ಹುಳಿ, ಬಣ್ಣದ ಪಾನೀಯ ಮುಟ್ಟಬಾರದು ಎಂದು ಚೀಟಿಯಲ್ಲಿ ಅಚ್ಚಾಗಿತ್ತು. ಸೋಡಾ ಕಂಪನಿಯ ಮೇಲ್ವಿಚಾರಕ ಹನ್ನೊಂದನ್ನೂ ತಾನೇ ಈಸಿಕೊಂಡು ಫೈಲಿನಲ್ಲಿಟ್ಟ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಹನ್ನೊಂದು ಹೆಂಗಸರೂ ಹನ್ನೊಂದು ಅಂಗಡಿಗಳಲ್ಲಿ ನಿಂತು ಆ ಕಂಪನಿಯ ಸೋಡಾ ಕುಡಿದರು.

ಅವರಲ್ಲೊಬ್ಬಳು ಗುಬ್ಬಿ. ವಯಸ್ಸು ಮೂವತ್ತಾರು. ಮಧ್ಯಾಹ್ನದ ಡಬ್ಬಿಯನ್ನು ಕೊಕ್ಕಿನಲ್ಲಿ ಕುಕ್ಕಿದ ಹಾಗೆ ಚೂರುಚೂರೇ ತಿನ್ನುತ್ತಾಳೆಂದು ಜೊತೆಯವರು ಇಟ್ಟ ಹೆಸರು. ಚಿಕ್ಕವರು ಅದಕ್ಕೊಂದು ಅಕ್ಕ ಸೇರಿಸಿ ಗುಬ್ಬಕ್ಕ ಮಾಡಿದ್ದರು. ಮೊದಲು ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಅಲ್ಲಿ ಕೆಲಸದ ಹೊತ್ತಿನಲ್ಲಿ ಬಾಯಿ ತೆರೆಯಬಾರದು ಎಂಬುದು ನಿಯಮ. ಇಲ್ಲಿ ಮುಚ್ಚಬಾರದು ಎಂಬುದು.

ಕೆಲಸ ಹೀಗಿತ್ತು. ಸೂಪರ್ ಮಾರ್ಕೆಟ್ಟಿನ ಬಾಗಿಲಿನ ಪಕ್ಕ ಒಂದು ಮೇಜು, ಅದರ ಹಿಂದೆ ಗಾಜಿನ ಬಾಗಿಲಿನ ಫ್ರಿಜ್ಜು, ಫ್ರಿಜ್ಜಿನ ಮುಂದೆ ಹಸಿರು ಏಪ್ರನ್ ತೊಟ್ಟ ಗುಬ್ಬಿ. ಗಿರಾಕಿ ಹತ್ತಿರ ಬಂದರೆ ಕ್ಯಾನು ಎತ್ತಿ ಅವನ ಕಿವಿಗೆ ಕೇಳುವಂತೆ ಚುಸ್ಸೆಂದು ತೆರೆಯಬೇಕು. ಎರಡು ಕಾಗದದ ಲೋಟಕ್ಕೆ ಸುರಿಯಬೇಕು. ಒಂದನ್ನು ತಾನು ಮೊದಲು ಕುಡಿಯಬೇಕು. ಒಂದು, ಎರಡು ಎಣಿಸುವವರೆಗೆ ಬಾಯಲ್ಲೇ ಇಟ್ಟುಕೊಂಡು, ನುಂಗಿ, ಮೇಲಿನ ಎಂಟು ಹಲ್ಲೂ ಕಾಣುವಂತೆ ನಕ್ಕು, ‘ಹಾ’ ಎನ್ನಬೇಕು. ಆಮೇಲೆ ಗಿರಾಕಿಗೆ ಇನ್ನೊಂದು ಲೋಟ. ಕಂಪನಿಯ ಬಾಯಲ್ಲಿ ಇದರ ಹೆಸರು ಮೊದಲ ಗುಟುಕು. ಮಾರುವವಳೇ ಕುಡಿದರೆ ಕೊಳ್ಳುವವನಿಗೆ ನಂಬಿಕೆ ಬರುತ್ತದಂತೆ. ಸಾಮಾನ್ಯ ದಿನ ಅರವತ್ತು ಸಲ, ರಜೆಯ ದಿನ ನೂರು ದಾಟುತ್ತಿತ್ತು.

ಸೋಡಾಕ್ಕೆ ಬಣ್ಣವಿರಲಿಲ್ಲ. ನೀರಿನ ಹಾಗಿತ್ತು. ಮೊದಲ ದಿನವೇ ಮೇಲ್ವಿಚಾರಕ ಹೇಳಿದ್ದ: “ಬಣ್ಣ ಇಲ್ಲ ಅಂದ್ಮೇಲೆ ಕಲೆ ಎಲ್ಲಿಂದ ಬರತ್ತೆ? ಕಾಫಿ, ಟೀ ಮಾತ್ರ ಮುಟ್ಬೇಡಿ. ಕಂಪನಿ ಖರ್ಚು ಮಾಡಿ ಮಾಡ್ಸಿರೋ ಹಲ್ಲು ಅದು.”

ಹನ್ನೊಂದು ಹೆಂಗಸರೂ ಟೀ ಬಿಟ್ಟರು. ಗುಬ್ಬಿ ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಎದ್ದೊಡನೆ ಕುಡಿಯುತ್ತಿದ್ದ ಟೀ ಬಿಟ್ಟಳು. ತಲೆನೋವು ಬಂತು, ಹೋಯಿತು. ಹಲ್ಲನ್ನು ಕಾಪಾಡಿಕೊಳ್ಳುತ್ತಿದ್ದೇನೆಂದು ಅವಳಿಗೆ ಸಮಾಧಾನವಿತ್ತು.

ಈ ಮೇಲ್ವಿಚಾರಕನ ಜೇಬಿನಲ್ಲಿ ಒಂದು ಪಟ್ಟಿ ಇರುತ್ತಿತ್ತು. ಹದಿನಾರು ಪ್ಲಾಸ್ಟಿಕ್ ಹಲ್ಲುಗಳನ್ನು ಅಚ್ಚ ಬಿಳಿಯಿಂದ ಕಂದು ಹಳದಿಯವರೆಗೆ ಸಾಲಾಗಿ ಜೋಡಿಸಿ ನಂಬರು ಹಾಕಿದ್ದ ಪಟ್ಟಿ. ಕ್ಲಿನಿಕ್ಕಿನಿಂದ ತಂದದ್ದು. ಸೋಮವಾರ ಬೆಳಿಗ್ಗೆ ಎಲ್ಲರನ್ನೂ ಗೋದಾಮಿನ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬಳ ತುಟಿಯ ಪಕ್ಕ ಆ ಪಟ್ಟಿ ಹಿಡಿದು, ಗೋಡೆಗೆ ಬಣ್ಣ ಆರಿಸುವವರ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಎರಡು, ಮೂರು ಎಂದರೆ ಸರಿ. ಐದಕ್ಕೆ ಇಳಿದರೆ ಮತ್ತೆ ಕ್ಲಿನಿಕ್ಕು, ಮತ್ತೆ ಬಿಳುಪು. ಹೆಂಗಸರು ಅವನಿಗೆ ಬಣ್ಣದಂಗಡಿ ಎಂದು ಹೆಸರಿಟ್ಟಿದ್ದರು.

“ಬಣ್ಣದಂಗಡಿ ಬಂತು, ಬಾಗಿಲು ತೆಗೀರಮ್ಮಾ,” ಎನ್ನುತ್ತಿದ್ದಳು ಹನ್ನೊಂದರಲ್ಲೊಬ್ಬಳಾದ ಉದ್ದಜಡೆಯವಳು, ಅವನ ಬೂಟಿನ ಸದ್ದು ಕೇಳಿದೊಡನೆ. ಎಲ್ಲರೂ ನಗುತ್ತಿದ್ದರು. ಆಗಿನ್ನೂ ನಗಲು ಬರುತ್ತಿತ್ತು.

ಐದಕ್ಕೆ ಇಳಿಯಬಾರದೆಂದು ಅವರು ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಏಪ್ರನ್ನಿನ ಜೇಬಿನಲ್ಲಿ ಹಲ್ಲುಜ್ಜುವ ಬ್ರಷ್ಷು. ಹತ್ತು ಹದಿನೈದು ಗುಟುಕಾದ ಮೇಲೆ ಐದು ನಿಮಿಷ ಬಿಡುವು ಕೇಳಿ, ಕೆಲಸದವರ ಶೌಚಾಲಯಕ್ಕೆ ಓಡಿ, ಕನ್ನಡಿಯ ಮುಂದೆ ನಿಂತು ಗಸಗಸ ಉಜ್ಜುವುದು. ಹೇಳಿಕೊಟ್ಟವರು ಯಾರೂ ಇಲ್ಲ. ಗಟ್ಟಿ ಬಿರುಗೂದಲಿನ ಬ್ರಷ್ಷೇ ಆಗಬೇಕು ಎಂದು ಉದ್ದಜಡೆಯವಳು ಹೇಳಿದ್ದನ್ನು ಎಲ್ಲರೂ ನಂಬಿದ್ದರು. ಗುಬ್ಬಿ ದಿನಕ್ಕೆ ಆರು ಸಲ ಉಜ್ಜುತ್ತಿದ್ದಳು. ಪಾತ್ರೆಯನ್ನೂ ಅಷ್ಟು ನಿಷ್ಠೆಯಿಂದ ಉಜ್ಜಿದವಳಲ್ಲ.

ಮೂರನೇ ವಾರ ಎಲ್ಲರ ಹಲ್ಲಿಗೂ ಪಟ್ಟಿ ಐದು ತೋರಿಸಿತು. ಕ್ಲಿನಿಕ್ಕಿನಲ್ಲಿ ಮತ್ತೆ ಬಾಯಿಗೆ ರಬ್ಬರು ಸಿಕ್ಕಿಸಿ, ಹಲ್ಲಿಗೆ ಔಷಧಿ ಮೆತ್ತಿ, ನೀಲಿ ದೀಪ ಹಿಡಿದರು. ಮರುದಿನ ಮತ್ತೆ ಮೊದಲ ಗುಟುಕು. ಏಳನೇ ವಾರ ಮತ್ತೊಮ್ಮೆ. ಈ ಸಲ ಔಷಧಿ ಮೆತ್ತುವಾಗಲೇ ಒಂದೊಂದು ಹಲ್ಲಿನ ಬುಡಕ್ಕೂ ಸೂಜಿ ಇಳಿದ ಹಾಗಾಯಿತು. ಗುಬ್ಬಿ ಕುರ್ಚಿಯ ಕೈ ಹಿಡಿದು ಸಹಿಸಿದಳು. ಹಲ್ಲು ಕಚ್ಚಿ ಸಹಿಸು ಎನ್ನುತ್ತಾರೆ, ಕಚ್ಚಲು ಹಲ್ಲೇ ಒಪ್ಪುತ್ತಿರಲಿಲ್ಲ.

ಆಮೇಲೆ ಗಾಳಿ ತಾಗಿದರೂ ನೋಯತೊಡಗಿತು. ಬಸ್ಸಿನ ಕಿಟಕಿ ತೆರೆದಿದ್ದರೆ ತುಟಿ ಬಿಗಿಯಬೇಕು. ಮಾತಾಡುವಾಗ ಉಸಿರು ಒಳಗೆಳೆದರೆ ಕಣ್ಣಲ್ಲಿ ನೀರು. ನಲ್ಲಿಯ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡೇ ಬಾಯಿ ಮುಕ್ಕಳಿಸಬೇಕು. ಅಂಥ ಬಾಯಿಗೆ ಫ್ರಿಜ್ಜಿನಿಂದ ತೆಗೆದ ಸೋಡಾ ದಿನಕ್ಕೆ ಅರವತ್ತು ಸಲ. ಒಂದು, ಎರಡು ಎಣಿಸುವಷ್ಟರಲ್ಲಿ ಅವಳಿಗೆ ಜಗತ್ತೆಲ್ಲ ಆ ನಾಲ್ಕು ಮುಂದಿನ ಹಲ್ಲುಗಳಿಗೆ ಬಂದು ನಿಲ್ಲುತ್ತಿತ್ತು. ಆಮೇಲೆ ‘ಹಾ’. ಗಿರಾಕಿಗಳು ಆ ‘ಹಾ’ ಕೇಳಿ ಮೆಚ್ಚುತ್ತಿದ್ದರು. ಕಂಪನಿಗೆ ಹೆಂಗಸರ ಹಲ್ಲು ಬೇಕಿತ್ತು. ಹಲ್ಲಿನ ಹಿಂದೆ ಉಳಿದ ಹೆಂಗಸು ಏನಾದಳೆಂದು ವಿಚಾರಿಸುವುದು ಅಲ್ಲಿ ಯಾರ ಕೆಲಸವೂ ಆಗಿರಲಿಲ್ಲ.

ಮನೆಯಲ್ಲಿ ಮೊದಲು ಕಂಡುಹಿಡಿದವಳು ಅತ್ತೆ. ಅತ್ತೆಗೆ ಒಂದೂ ಸ್ವಂತ ಹಲ್ಲಿಲ್ಲ, ಕಟ್ಟಿಸಿದ ಎರಡೂ ಸೆಟ್ಟು ಸ್ಟೀಲ್ ಲೋಟದಲ್ಲಿ. ಸಂಜೆ ಊಟಕ್ಕೆ ಕೂತಾಗ ಗುಬ್ಬಿ ಬ್ರೆಡ್ಡನ್ನು ಸಾರಿನಲ್ಲಿ ನೆನೆಸಿ ನೆನೆಸಿ ನುಂಗುವುದನ್ನು ನೋಡಿ ಅಂದಳು:

“ಏನೇ, ನನ್ನ ಊಟ ನೀನು ಉಣ್ತಿದೀಯ? ನಾನು ಎಪ್ಪತ್ತಕ್ಕೆ ಕಲಿತದ್ದನ್ನ ನೀನು ಇಷ್ಟು ಬೇಗ ಕಲ್ತೆಯಲ್ಲ.”

“ಸ್ವಲ್ಪ ಜುಮ್ ಅಂತವೆ ಅತ್ತೆ. ಹೋಗತ್ತೆ.”

“ಹೋಗೋದು ನೋವಲ್ಲ ಕಣೇ, ಹಲ್ಲು. ಬೇಕಾದ್ರೆ ನನ್ನ ಸೆಟ್ಟು ಹಾಕ್ಕೊಂಡು ಹೋಗು. ಎಷ್ಟು ಕುಡಿದ್ರೂ ನೋಯಲ್ಲ, ಹೊಳೀತವೆ ಬೇರೆ. ನಿಮ್ಮ ಬಣ್ಣದಂಗಡಿಯೋನಿಗೆ ಗೊತ್ತಾಗೋದೂ ಇಲ್ಲ.”

ಗಂಡ ನಗಲಿಲ್ಲ. ಅವನು ಅಮೃತಶಿಲೆಯ ನೆಲಕ್ಕೆ ಪಾಲಿಶ್ ಹೊಡೆಯುವವನು. ಹುಬ್ಬಿನವರೆಗೆ ಬಿಳಿ ಧೂಳು ಮೆತ್ತಿಕೊಂಡೇ ಕೂತಿದ್ದ. “ಆ ಸೋಡಾ ಒಂದು ಕ್ಯಾನು ತಂದಿದೀಯಾ?” ಎಂದು ಕೇಳಿದ. ಅವಳ ಚೀಲದಲ್ಲಿತ್ತು. ಅವನು ಎದ್ದು, ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಕಲ್ಲಿನ ತುಂಡೊಂದನ್ನು ತಂದು ನೆಲದ ಮೇಲಿಟ್ಟ. ಮುಖ ಕಾಣುವಷ್ಟು ಹೊಳಪಿತ್ತು. ಅದರ ನಡುವೆ ಬೊಗಸೆಯಷ್ಟು ಸೋಡಾ ಸುರಿದು, “ಊಟ ಮಾಡು,” ಎಂದ.

ಊಟ ಮುಗಿದ ಮೇಲೆ ಬಟ್ಟೆಯಿಂದ ಒರೆಸಿದ. ಸೋಡಾ ನಿಂತಿದ್ದಷ್ಟು ಜಾಗ ಸುಣ್ಣ ಬಳಿದ ಗೋಡೆಯ ಹಾಗೆ ಮಂಕಾಗಿತ್ತು. ಗುಬ್ಬಿ ಬೆರಳಿಟ್ಟಳು. ನುಣುಪು ಹೋಗಿ ತರಿತರಿಯಾಗಿತ್ತು.

“ಬಣ್ಣ ಇಲ್ಲ ಅಂತಾನಲ್ಲ ಆ ಮನುಷ್ಯ. ತಿನ್ನೋದಕ್ಕೆ ಬಣ್ಣ ಯಾಕೆ ಬೇಕು? ಹುಳಿ ಸಾಕು,” ಎಂದ ಗಂಡ. “ಹೊಸ ಪಾಲಿಶ್ ಹೊಡೆದ ಮನೆಯೋರಿಗೆ ನಾವು ಮೊದಲು ಹೇಳೋ ಮಾತೇ ಇದು. ನಿಂಬೆಹಣ್ಣು, ಸೋಡಾ ಬೀಳಿಸ್ಬೇಡಿ. ಬಿದ್ರೆ ನೀರು ಹಾಕಿ ತೊಳೀರಿ, ಬ್ರಷ್ಷು ಹಾಕಿ ಉಜ್ಜಬೇಡಿ. ಉಜ್ಜಿದ್ರೆ ಮೆತ್ತಗಾಗಿರೋ ಪದರ ಎದ್ದು ಬರತ್ತೆ.”

ದಿನಕ್ಕೆ ಆರು ಸಲದಂತೆ ಹತ್ತು ವಾರ. ಗುಬ್ಬಿ ಬೆರಳು ಮಡಚಿ ಎಣಿಸಲು ಹೊರಟು ಕೈಬಿಟ್ಟಳು. ಸಿಂಕಿನೊಳಗೆ ಉಗಿದದ್ದು ನೊರೆ ಎಂದುಕೊಂಡಿದ್ದಳು. ಅದರಲ್ಲಿ ತಾನೂ ಇದ್ದಳು.

“ಈಗ ಹೇಳ್ತಿದೀರಲ್ಲ,” ಎಂದಳು.

“ನೀನೂ ಈಗ ಹೇಳ್ದೆಯಲ್ಲ,” ಎಂದ ಅವನು. ಆದರೆ ಆ ಮಾತಿಗೆ ತಾನೇ ನಾಚಿಕೊಂಡವನಂತೆ ಕಲ್ಲನ್ನು ತೆಗೆದು ಬಾಗಿಲ ಹಿಂದಿಟ್ಟ.

ಬುಧವಾರ ಅವಳು ರಜೆ ಹಾಕಿ ಕ್ಲಿನಿಕ್ಕಿಗೆ ಹೋದಳು. ಬಿಳುಪಿನ ಔಷಧಿ ಕಲಸುವ ಸಹಾಯಕಿ, ಐವತ್ತರ ಹೆಂಗಸು, ಬಾಯೊಳಗೆ ಕನ್ನಡಿಯಿಟ್ಟು ನೋಡಿ ಕೈ ಹಿಂದೆಗೆದಳು.

“ಚೀಟಿ ಓದ್ಲಿಲ್ವೇನಮ್ಮಾ? ಎರಡು ದಿನ ಸೋಡಾ ಮುಟ್ಬೇಡಿ ಅಂತ ಬರ್ದಿತ್ತಲ್ಲ.”

“ಯಾವ ಚೀಟಿ?”

ಸಹಾಯಕಿ ಖಾನೆ ಎಳೆದು ಅಂಥದೇ ಒಂದು ಚೀಟಿ ತೋರಿಸಿದಳು. “ಪ್ರತಿ ಸಲವೂ ಹನ್ನೊಂದು ಎಣಿಸಿ ನಿಮ್ಮ ಸಾರ್ ಕೈಗೆ ಕೊಟ್ಟಿದೀನಿ. ನಾನೇ ಕೊಡ್ತೀನಿ ಅವ್ರಿಗೆ ಅಂದ್ರು.” ಆಮೇಲೆ ಒಳಗೆ ಡಾಕ್ಟರು ಇದ್ದಾರೆಂದು ನೆನಪಾಗಿ ಚೀಟಿಯನ್ನು ಮತ್ತೆ ಖಾನೆಗೆ ತುರುಕಿದಳು. “ನಾನು ಹೇಳ್ದೆ ಅನ್ಬೇಡಮ್ಮಾ. ನನಗೂ ಮನೆಯಿದೆ.”

ಡಾಕ್ಟರು ಮಾತಿನಲ್ಲಿ ಮೃದು. ಮುಂದಿನ ನಾಲ್ಕು ಹಲ್ಲಿನ ಮೇಲ್ಪದರ ಬಹುಪಾಲು ಹೋಗಿದೆ, ಹೊರಗೆ ಕಾಣುತ್ತಿರುವ ಹಳದಿಯು ಕಲೆಯಲ್ಲ, ಒಳಗಿನ ಹಲ್ಲೇ. ಇನ್ನು ಬಿಳುಪು ಮಾಡುವಂತಿಲ್ಲ, ಕ್ಯಾಪು ಹಾಕಬೇಕು. ತಡ ಮಾಡಿದರೆ ಹಲ್ಲು ಸಾಯುತ್ತದೆ ಎಂದರು. ಹಲ್ಲು ಸಾಯುತ್ತದೆ ಎಂಬ ಮಾತನ್ನು ಅವಳು ಅದೇ ಮೊದಲು ಕೇಳಿದ್ದು. ಖರ್ಚು ಗಂಡನ ಐದು ತಿಂಗಳ ದುಡಿಮೆ. ಖರ್ಚು ತಮ್ಮದೆಂದು ಕಂಪನಿಯವರು ಪತ್ರ ಕೊಟ್ಟರೆ ನಾಳೆಯೇ ಶುರು ಮಾಡಬಹುದು ಎಂದು ಡಾಕ್ಟರು ಸೇರಿಸಿದರು.

ಪತ್ರ ಕೇಳಬೇಕೋ ಬೇಡವೋ ಎಂದು ಅವಳು ಎರಡು ದಿನ ತೂಗಿದಳು. ಮೂರನೇ ದಿನ ನೆನೆಸಿದ ಬ್ರೆಡ್ಡಿನ ಅಂಚು ತಾಗಿ ಮುಂದಿನ ಹಲ್ಲಿನ ತುದಿ ಮುರಿಯಿತು. ಕಾಳಷ್ಟು ಚೂರು. ಅಂಗೈಯಲ್ಲಿಟ್ಟು ನೋಡಿದಳು. ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಆಚೆ ಕಾಣುತ್ತಿತ್ತು. ಅವತ್ತು ಅವಳು ಊಟ ಮುಗಿಸಲಿಲ್ಲ. ನಾಲಗೆ ಬೇಡವೆಂದರೂ ಮತ್ತೆ ಮತ್ತೆ ಹೋಗಿ ಆ ಚೂಪನ್ನೇ ಮುಟ್ಟಿ ಬರುತ್ತಿತ್ತು.

ಪತ್ರ ಕೇಳಲು ಅವಳು ಹೋದ ಕಂಪನಿಯ ಕಚೇರಿ ನಾಲ್ಕನೇ ಮಹಡಿಯಲ್ಲಿತ್ತು. ಬಣ್ಣದಂಗಡಿ ಅವಳನ್ನು ದೊಡ್ಡ ಮೇಡಂ ಮುಂದೆ ಕರೆದುಕೊಂಡು ಹೋದ. ಮೇಡಂ ಮೇಜಿನ ಮೇಲೆ ಬಿಸಿನೀರಿನ ಫ್ಲಾಸ್ಕು ಇತ್ತು. ಗೋಡೆಯ ಮೇಲೆ ಸೋಡಾ ಹಿಡಿದು ನಗುವ ಹುಡುಗಿಯ ಆಳೆತ್ತರದ ಚಿತ್ರ.

“ನಿನ್ನ ಬಗ್ಗೆ ಒಳ್ಳೇ ವರದಿ ಇದೆ,” ಎಂದರು ಮೇಡಂ. “ನಿನ್ನ ‘ಹಾ’ ಚೆನ್ನಾಗಿದೆಯಂತೆ.”

“ಮೇಡಂ, ನನ್ನ ಹಲ್ಲು ಹೋಗ್ತಿವೆ. ಚೀಟಿ ನಮಗೆ ಕೊಡ್ಲಿಲ್ಲ.”

ಮೇಡಂ ಬಣ್ಣದಂಗಡಿಯ ಕಡೆ ನೋಡಿದರು. ಅವನು ತನ್ನ ಬೂಟಿನ ಕಡೆ ನೋಡಿದ. ಚೀಟಿಯ ಮಾತು ಅಲ್ಲಿಗೇ ಮುಗಿಯಿತು.

“ನೋಡಮ್ಮ, ಹಲ್ಲು ಯಾರದ್ದು ಯಾವಾಗ ಕೆಡತ್ತೆ ಅಂತ ಹೇಳೋಕಾಗಲ್ಲ. ನಿನ್ನ ಮನೆಯಲ್ಲಿ ಏನು ತಿಂತೀಯೋ ನಮಗೆ ಗೊತ್ತಿಲ್ಲ. ಆದ್ರೂ ಕಂಪನಿ ಕೈ ಬಿಡಲ್ಲ. ನಾಲ್ಕಕ್ಕೂ ಕ್ಯಾಪ್ ಹಾಕ್ಸೋಣ. ಒಳ್ಳೇವು, ಹತ್ತು ವರ್ಷ ಬಾಳ್ತವೆ.” ಬಿಸಿನೀರು ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು. “ಬರೋ ಸೋಮವಾರ ಹೊಸಬರು ಹನ್ನೆರಡು ಜನ ಬರ್ತಾರೆ. ಭಾನುವಾರ ಅವ್ರ ಬಿಳುಪು ಮುಗಿಯತ್ತೆ. ಮೊದಲ ಗುಟುಕು ಹೇಗೆ ಅಂತ ನೀನು ಹೇಳಿಕೊಡ್ಬೇಕು. ಅವ್ರ ಮುಂದೆ ಕುಡಿದು ತೋರಿಸ್ಬೇಕು. ಹೆದರ್ಕೊಂಡ್ರೆ ಧೈರ್ಯ ಹೇಳ್ಬೇಕು. ಅವತ್ತು ಸಂಜೆನೇ ನಿನ್ನ ಪತ್ರಕ್ಕೆ ಸಹಿ ಹಾಕ್ತೀನಿ.”

“ನನ್ನ ಹಲ್ಲು ಅವ್ರು ನೋಡಿದ್ರೆ?”

“ಅದಕ್ಕೂ ವ್ಯವಸ್ಥೆ ಇದೆ. ಡಾಕ್ಟರು ಮೇಲಕ್ಕೆ ಬಿಳಿ ಲೇಪ ಹಾಕ್ತಾರೆ. ಎರಡು ದಿನ ನಿಲ್ಲತ್ತೆ.”

ಗುಬ್ಬಿ ಒಪ್ಪಿದಳು. ಇದನ್ನು ಮುಚ್ಚಿಡುವಂತಿಲ್ಲ. ನೋವು ತಿಂದವರೆಲ್ಲ ವೀರರಾಗುವುದಿಲ್ಲ. ಬಹಳ ಜನ ನೋವು ನಿಲ್ಲುವುದಾದರೆ ಏನು ಬೇಕಾದರೂ ಮಾಡುತ್ತಾರೆ. ಅದು ಗೊತ್ತಿದ್ದೇ ಅಂಥ ಕಚೇರಿಗಳು ನಡೆಯುತ್ತವೆ. ಅವಳು ಲಿಫ್ಟು ಬೇಡವೆಂದು ಮೆಟ್ಟಿಲಿಳಿದು ಬಂದಳು. ಮುರಿದ ಹಲ್ಲಿಗೆ ಗಾಳಿ ತಾಗದಂತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು.

“ಹನ್ನೆರಡು ಜನಕ್ಕೆ,” ಎಂದ ಅವನು.

“ನಾನು ಹೇಳಿಕೊಡದೇ ಇದ್ರೆ ಬೇರೆ ಯಾರಾದ್ರೂ ಹೇಳಿಕೊಡ್ತಾರೆ. ಅವ್ರು ಕುಡಿಯೋದಂತೂ ತಪ್ಪೋದಿಲ್ಲ. ಹೇಳಿಕೊಟ್ರೆ ನನ್ನ ಹಲ್ಲು ಹೋಗೋದಾದ್ರೂ ತಪ್ಪತ್ತೆ.”

“ಹೂಂ.”

“ಹೂಂ ಅನ್ಬೇಡಿ. ಬೈದುಬಿಡಿ.”

ಅವನು ಬೈಯಲಿಲ್ಲ. ಅತ್ತೆ ಲೋಟದಿಂದ ಸೆಟ್ಟು ತೆಗೆದು ಬಾಯಿಗೆ ಹಾಕಿಕೊಂಡು, ಗಂಭೀರ ಮಾತಿಗೆ ಸಿದ್ಧಳಾಗಿ ಹೇಳಿದಳು: “ಬಿಸಿತುಪ್ಪ ಇದು. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ನಾನಾಗಿದ್ರೆ ನುಂಗ್ತಿದ್ದೆ ಕಣೇ. ಸುಳ್ಳು ಯಾಕೆ ಹೇಳ್ಲಿ. ಹಲ್ಲಿಲ್ಲದ ಬಾಯಿ ಏನು ಅಂತ ನನಗೆ ಗೊತ್ತು. ಹಲ್ಲಿಲ್ಲದೋರ ಮಾತು ಚಿಕ್ಕ ಮಗು ಕೂಡ ಕೇಳಲ್ಲ.”

ಸೋಮವಾರ ಬೆಳಿಗ್ಗೆ ಎಂಟಕ್ಕೆ ಡಾಕ್ಟರು ಲೇಪ ಹಾಕಿದರು. ಒಂಬತ್ತೂವರೆಗೆ ಗುಬ್ಬಿ ಗೋದಾಮಿನ ಕೋಣೆಯಲ್ಲಿದ್ದಳು. ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ಸರಿಸಿ ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡು ಸಾಲಾಗಿ ಹಾಕಿದ್ದರು. ಮುಂದೆ ಮೇಜು, ಮೇಜಿನ ಮೇಲೆ ಐಸಿನ ತೊಟ್ಟಿಯಲ್ಲಿ ಕ್ಯಾನುಗಳು. ಹನ್ನೆರಡು ಹೆಂಗಸರೂ ಹೊಸ ಹಸಿರು ಏಪ್ರನ್ ತೊಟ್ಟು ಕೂತಿದ್ದರು. ಇಸ್ತ್ರಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ತಮ್ಮ ಹೊಸ ಹಲ್ಲುಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದರು.

“ನನ್ನ ಗಂಡ ನಿನ್ನೆ ದೀಪ ಆರಿಸಿ, ಈಗ ನಗು ನೋಡೋಣ ಅಂದ,” ಎಂದಳು ಒಬ್ಬಳು. ಉಳಿದವರು ಅವಳ ಬೆನ್ನಿಗೆ ಗುದ್ದಿದರು.

ಬಣ್ಣದಂಗಡಿ ಪಟ್ಟಿ ಹಿಡಿದು ಸಾಲಿನುದ್ದಕ್ಕೂ ಹೋದ. ಒಂದು, ಒಂದು, ಎರಡು, ಒಂದು. ಕೊನೆಗೆ ಗುಬ್ಬಿಯ ಕಡೆ ತಿರುಗಿದ. “ಇವ್ರು ನಿಮ್ಮ ಗುಬ್ಬಕ್ಕ. ಮೂರು ತಿಂಗಳಿಂದ ನಮ್ಮಲ್ಲಿದಾರೆ. ಹಲ್ಲು ನೋಡಿ, ಮಲ್ಲಿಗೆ ಮೊಗ್ಗು. ತೋರ್ಸು ಗುಬ್ಬಕ್ಕ.”

ಅವಳು ತೋರಿಸಿದಳು. ಲೇಪದ ಹಿಂದೆ ನಾಲ್ಕು ಹಲ್ಲುಗಳು ಮಿಡಿಯುತ್ತಿದ್ದವು.

ಅವಳು ಪಾಠ ಶುರು ಮಾಡಿದಳು. ಕ್ಯಾನು ಹೀಗೆ ಎತ್ತಬೇಕು, ಗಿರಾಕಿಯ ಎದೆಯ ಮಟ್ಟಕ್ಕೆ. ಬೆರಳು ಹೀಗೆ ಸಿಕ್ಕಿಸಬೇಕು. ಸದ್ದು ಬರುವಾಗ ಅವನ ಮುಖ ನೋಡಬೇಕು, ಕ್ಯಾನು ನೋಡಬಾರದು. ಕೈ ತಾನಾಗಿ ಮಾಡುತ್ತಿತ್ತು, ಬಾಯಿ ತಾನಾಗಿ ಹೇಳುತ್ತಿತ್ತು. ಎರಡು ಲೋಟ ತುಂಬಿತು. ಗುಳ್ಳೆಗಳು ಚಟಚಟ ಎನ್ನುತ್ತಿದ್ದವು.

ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬಳು ಕೈ ಎತ್ತಿದಳು. ತೆಳ್ಳಗಿನವಳು, ಕತ್ತಿನಲ್ಲಿ ಕಪ್ಪು ದಾರ.

“ಅಕ್ಕಾ, ನಿನ್ನೆ ಸಂಜೆಯಿಂದ ನೀರು ಕುಡಿದ್ರೂ ಹಲ್ಲು ಜುಮ್ ಅಂತಿದೆ. ತಣ್ಣಗಿರೋದು ಇವತ್ತೇ ಕುಡಿಬೋದಾ?”

“ಅದೇನೂ ಆಗಲ್ಲ,” ಎಂದ ಬಣ್ಣದಂಗಡಿ. “ಎಲ್ರಿಗೂ ಮೊದಲು ಹಾಗೇ.”

“ನಿಮ್ಮನ್ನಲ್ಲ ಸಾರ್ ಕೇಳಿದ್ದು. ಅಕ್ಕ ಕುಡಿದಿರೋರು, ಅದಕ್ಕೇ ಅಕ್ಕನ್ನ ಕೇಳ್ದೆ.” ಅವಳ ಪಕ್ಕದವಳು ಕಿಸಕ್ಕೆಂದಳು.

ಬಣ್ಣದಂಗಡಿಯೂ ನಕ್ಕ. ಕೋಣೆ ತನ್ನ ಕೈಯಲ್ಲೇ ಇದೆಯೆಂದು ಅವನಿಗೆ ಗೊತ್ತಿತ್ತು. “ಸರಿ ಬಿಡಮ್ಮ, ಅಕ್ಕನ ಬಾಯಿಂದಲೇ ಕೇಳು. ಹೇಳು ಗುಬ್ಬಕ್ಕ. ಕುಡಿದು ತೋರಿಸಿ ಹೇಳು.”

ಹನ್ನೆರಡು ಬಾಯಿಗಳು ಅವಳ ಕಡೆ ತಿರುಗಿದ್ದವು. ಅರೆತೆರೆದು, ನಗಲು ಸಿದ್ಧವಾಗಿದ್ದವು. ಗುಬ್ಬಿ ಲೋಟ ಎತ್ತಿದಳು. ತುಟಿಯ ಹತ್ತಿರ ತಂದಾಗ ಗುಳ್ಳೆಯ ತುಂತುರು ಮೂಗಿಗೆ ಸಿಡಿಯಿತು. ಇದೊಂದು ಗುಟುಕು. ಒಂದು, ಎರಡು. ಸಂಜೆಗೆ ಸಹಿ, ನಾಳೆಗೆ ಕ್ಯಾಪು, ನಾಡಿದ್ದು ಬ್ರೆಡ್ಡಿನ ಗಟ್ಟಿ ಅಂಚನ್ನು ಕಚ್ಚಿ ಹರಿದು ತಿನ್ನಬಹುದು. ಕಪ್ಪು ದಾರದವಳು ತನ್ನ ಕೈಯನ್ನು ಇನ್ನೂ ಕೆಳಗಿಳಿಸಿರಲಿಲ್ಲ. ಉತ್ತರ ಬರುವವರೆಗೆ ಇಳಿಸಬಾರದೆಂದು ಅವಳಿಗೆ ಯಾವ ಶಾಲೆ ಕಲಿಸಿತ್ತೋ.

ಗುಬ್ಬಿ ಲೋಟವನ್ನು ಮೇಜಿನ ಮೇಲಿಟ್ಟಳು.

“ಕುಡಿ,” ಎಂದ ಬಣ್ಣದಂಗಡಿ.

“ಕುಡಿಯಲ್ಲ.”

“ಏನು?”

“ಕುಡಿಯಲ್ಲ ಸಾರ್. ಅವ್ರಿಗೂ ಹೇಳಿಕೊಡಲ್ಲ.”

ಅವನು ಹತ್ತಿರ ಬಂದು ಧ್ವನಿ ತಗ್ಗಿಸಿದ. “ಹುಚ್ಚು ಹಿಡಿದಿದೆಯಾ? ನಿನ್ನ ಪತ್ರ ಮೇಡಂ ಮೇಜಿನ ಮೇಲಿದೆ. ನಾಲ್ಕು ಹಲ್ಲು ಉದುರಿಸ್ಕೊಂಡು ಮನೇಲಿ ಕೂರ್ತೀಯಾ?”

“ಕೂರ್ತೀನಿ.” ಮಾತಾಡುವಾಗ ಗಾಳಿ ತಾಗಿ ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಕಪ್ಪು ದಾರದವಳ ಕಡೆ ತಿರುಗಿ, “ಕುಡೀಬೇಡಮ್ಮ,” ಎಂದಳು. “ಇವತ್ತೂ ಬೇಡ, ನಾಳೆಯೂ ಬೇಡ. ನನ್ನ ಹಲ್ಲಿನ ಮೇಲಿರೋದು ಲೇಪ. ಹತ್ತಿರ ಬಾ, ತೋರಿಸ್ತೀನಿ.”

ಕುರ್ಚಿಗಳು ಕರಕರ ಎಂದವು. ಒಬ್ಬರಾದ ಮೇಲೆ ಒಬ್ಬರು ಎದ್ದರು. ಬಣ್ಣದಂಗಡಿ ಅಡ್ಡ ಬಂದು ಎರಡೂ ಕೈ ಚಾಚಿದ. “ಎಲ್ರೂ ಕೂತ್ಕೊಳಿ. ಏ, ನೀನು ಏಪ್ರನ್ ಬಿಚ್ಚಿಟ್ಟು ಹೊರಗೆ ನಡಿ.”

ಕಪ್ಪು ದಾರದವಳು ಬಿಟ್ಟೆದ್ದ ಕುರ್ಚಿಯನ್ನು ಗುಬ್ಬಿ ಎಳೆದುಕೊಂಡಳು. ಕೋಣೆಯ ನಡುವೆ ಹಾಕಿ ಕೂತಳು.

“ಹೋಗಲ್ಲ,” ಎಂದಳು.